ಬಾಳಗೋಳಿ ಕೊಡದ ದಿನಗಳು

ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಆ ನಡುವಿನ ಕಾಲವನ್ನು ನೆನೆದರೆ ನನಗೆ ಮೊದಲು ಬರುವುದು ತೂಕಡಿಕೆ. ಪುಣೆಯ ಪೇಟೆಯೊಂದರಲ್ಲಿ ಹಳೇ ವಾಡೆ. ಕೆಳಗೆ ನಮ್ಮ ಬೀಡಿ ಕಾರ್ಖಾನೆ, ಮೇಲೆ ಮಾಲಕರ ಮನೆ. ಸಣ್ಣ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿಯುತ್ತಿತ್ತು. ಆ ಬಿಸಿಲಿನಲ್ಲಿ ತಂಬಾಕಿನ ಧೂಳು ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಹೆಂಗಸರೆಲ್ಲ ಮಡಿಲಲ್ಲಿ ಮೊರ ಇಟ್ಟುಕೊಂಡು ಸಾಲಾಗಿ ಕೂತು ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟುತ್ತಿದ್ದೆವು. ಬೆರಳುಗಳು ತಾವೇ ಕೆಲಸ ಮಾಡುತ್ತಿದ್ದವು, ನಾವು ಇನ್ನೆಲ್ಲೋ ಇರುತ್ತಿದ್ದೆವು. ನಾನು ಹೆಚ್ಚಾಗಿ ಧಾರವಾಡದ ಹತ್ತಿರದ ನನ್ನ ತವರೂರಿನ ಕೆರೆಯ ದಂಡೆಯಲ್ಲಿರುತ್ತಿದ್ದೆ.

ಗೋಡೆಯುದ್ದಕ್ಕೂ ಹಳೇ ಸೀರೆ ಕಟ್ಟಿ ಮಾಡಿದ ಜೋಳಿಗೆಗಳು, ಒಂದೊಂದರಲ್ಲಿ ಒಂದೊಂದು ಕೂಸು. ಯಾವುದೂ ಅಳುತ್ತಿರಲಿಲ್ಲ. ಹೊಸದಾಗಿ ಬಂದವರು "ಎಷ್ಟ್ ಶಾಣ್ಯಾ ಮಕ್ಕಳ್ರೀ!" ಎನ್ನುತ್ತಿದ್ದರು. ಶಾಣ್ಯಾತನವೂ ಇಲ್ಲ, ಮಣ್ಣೂ ಇಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಮ್ಮ ಕೆಲಸದ ಮೇಲ್ವಿಚಾರಣೆಯ ಮುಕಾದಮ ತಗಡಿನ ಡಬ್ಬಿ ಹಿಡಿದು ನಿಂತಿರುತ್ತಿದ್ದ. ಕೂಸಿದ್ದ ತಾಯಂದಿರಿಗೆಲ್ಲ ಸಾಸಿವೆ ಕಾಳಿನಷ್ಟು ಒಂದೊಂದು ಗುಳಿಗೆ, ಪುಕ್ಕಟೆ. ಬಾಳಗೋಳಿ ಅನ್ನುತ್ತಿದ್ದರು, ಅದರಲ್ಲಿದ್ದದ್ದು ಅಫೀಮು. ಎದೆಹಾಲಿನಲ್ಲಿ ತೇಯ್ದು ನಾಲಿಗೆಗೆ ಸವರಿದರೆ ಕೂಸು ಸಂಜೆಯವರೆಗೆ ಇದ್ದೂ ಇಲ್ಲದ ಹಾಗೆ. ಮಾಲಕರು ದೈವಭಕ್ತರು, ಇದನ್ನೂ ಒಂದು ದಾನವೆಂದೇ ತಿಳಿದಿದ್ದರು.

ನನ್ನ ಮಗಳಿಗೆ ಆಗ ಎಂಟು ತಿಂಗಳು. ಸಂಜೆ ಎತ್ತಿಕೊಂಡರೆ ಕತ್ತು ನಿಲ್ಲುತ್ತಿರಲಿಲ್ಲ. ಕಣ್ಣು ತೆರೆದಿದ್ದರೂ ನನ್ನ ಮುಖ ದಾಟಿ ಎಲ್ಲೋ ನೋಡುತ್ತಿದ್ದಳು. ಅವಳ ಓರಗೆಯ ಮಕ್ಕಳು ಅಂಬೆಗಾಲಿಟ್ಟು ಒಲೆಯ ಬೂದಿ ತಿನ್ನುತ್ತಿದ್ದರೆ ಇವಳು ಹಿಟ್ಟಿನ ಮುದ್ದೆಯಂತೆ ಇಟ್ಟಲ್ಲೇ ಇರುತ್ತಿದ್ದಳು. ಈ ಕೂಸು ಪೂರ್ತಿ ಎಚ್ಚರಾಗುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆ. ಅತ್ತೆಗೆ ಹೇಳಿದರೆ ಸಿಡುಕುತ್ತಿದ್ದಳು. ಆಕೆಯೂ ಒಂದು ಕಾಲಕ್ಕೆ ಅದೇ ವಾಡೆಯಲ್ಲಿ ಬೀಡಿ ಕಟ್ಟಿದವಳು.

"ನಾನೂ ಕೊಟ್ಟೇನಿ. ನಿನ್ನ ಗಂಡಗ ಏನಾಗೇದ? ಮಿಲಿಟರಿಗೆ ಹೋಗಿ ಬಂದಾನ. ಕೂಸು ಅತ್ತರ ಮುಕಾದಮ ಮನೀಗೆ ಕಳಸ್ತಾನ. ಆಮ್ಯಾಲ ಏನ್ ತಿಂತೀ, ನಿನ್ನ ಹೆದರಿಕೀನ?"

ಅದು ಸುಳ್ಳಲ್ಲ. ಗಂಡ ಬರ್ಮಾದಿಂದ ಮರಳಿ ಬಂದು, ದಿನವೂ ಸ್ವಾರಗೇಟದಲ್ಲಿ ಟಾಂಗಾದವರ ಜೊತೆ ಕೂತು ಕೆಲಸಕ್ಕಾಗಿ ಕಾಯುತ್ತಿದ್ದ. ಯುದ್ಧಕ್ಕೆ ಬೇಕಾಗಿದ್ದ ಗಂಡಸರು ಶಾಂತಿ ಬಂದ ಮೇಲೆ ಯಾರಿಗೂ ಬೇಕಾಗಿರಲಿಲ್ಲ. ಮನೆಯ ಒಲೆ ಉರಿಯುತ್ತಿದ್ದದ್ದು ನನ್ನ ಬೀಡಿಯಿಂದ.

ಆಗ ಊರಲ್ಲಿ ಎಲ್ಲಿ ನೋಡಿದರೂ ಮುಷ್ಕರ. ಗಾಳಿಯಲ್ಲೇ ಏನೋ ಬಂದಂತಿತ್ತು. ನಮ್ಮಲ್ಲೂ ಗಂಡಸರು ಹೆಂಗಸರು ಒಟ್ಟಿಗೆ ಕೆಲಸ ನಿಲ್ಲಿಸಿದೆವು. ಮಜೂರಿ ಹೆಚ್ಚಾಗಬೇಕು ಎಂಬುದು ಎಲ್ಲರ ಮಾತು. ಹೆಂಗಸರದು ಇನ್ನೊಂದಿತ್ತು: ಮಕ್ಕಳಿಗೆ ಬೇರೆ ಕೋಣೆ ಬೇಕು, ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕು, ಹಾಲೂಡಿಸಲು ಎದ್ದುಹೋದರೆ ಬೈಯಬಾರದು, ಗುಳಿಗೆ ನಿಲ್ಲಬೇಕು. ಸಂಘದ ಮುಂದಾಳು ಒಳ್ಳೆಯವನೇ. ಕನ್ನಡಕ ಒರೆಸಿಕೊಳ್ಳುತ್ತ, ಮಜೂರಿ ಮೊದಲು ಬರಲಿ ತಾಯಿ, ತೊಟ್ಟಿಲಿನ ಮಾತು ಆಮೇಲೆ ಎಂದು ಮರಾಠಿಯಲ್ಲಿ ನಮಗೆ ಸಮಾಧಾನ ಹೇಳಿದ. ಗಂಡಸರ "ಆಮೇಲೆ" ಯಾವ ಪಂಚಾಂಗದಲ್ಲೂ ಇಲ್ಲದ ತಿಥಿ. ಮಾಲಕರು ಮಜೂರಿ ಏರಿಸಲು ಒಪ್ಪಿದರು. ಗಂಡಸರು ಗುಲಾಲು ಹಾರಿಸಿ ಒಳಗೆ ಹೋದರು. ನಾವು ಬಾಗಿಲ ಮುಂದೆ, ಹಾದಿಯ ಮೇಲೆ, ಕೂತೇ ಉಳಿದೆವು. ಮೊದಲು ಕೂತವಳು ನಾನೇ ಎಂದು ಹೇಳಿಕೊಳ್ಳಲು ಆಸೆ. ನಿಜವೆಂದರೆ ಪ್ರತಿಯೊಬ್ಬಳೂ ಪಕ್ಕದವಳನ್ನು ನೋಡಿ ಕೂತಳು.

ಘೋಷಣೆ ಕೂಗಲು ಗಂಟಲಿರಲಿಲ್ಲ. ನಾವು ಮಾಡಿದ್ದು ಒಂದೇ, ಮಕ್ಕಳಿಗೆ ಗುಳಿಗೆ ಕೊಡಲಿಲ್ಲ. ಅದನ್ನು ನಿಲ್ಲಿಸಿದರೆ ಕೂಸುಗಳಿಗೆ ಏನಾಗುತ್ತದೆಂದು ನಮಗೆ ಸರಿಯಾಗಿ ಗೊತ್ತೂ ಇರಲಿಲ್ಲ. ಬೆವರಿದವು, ಕೈಕಾಲು ಸೆಟೆಸಿದವು, ಹಾಲು ಕಕ್ಕಿದವು, ಅತ್ತವು. ನನ್ನ ಮಗಳು ಹುಟ್ಟಿದಾಗಿನಿಂದ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಒಟ್ಟಿಗೆ ಅತ್ತಳು. ನನ್ನ ಸೆರಗಿನ ತುದಿಯಲ್ಲಿ ಹಿಂದಿನ ಒಂದು ಗುಳಿಗೆ ಗಂಟು ಹಾಕಿದ್ದೆ. ಕೈ ಅಲ್ಲಿಗೇ ಹೋಗುತ್ತಿತ್ತು. ಇವಳ ಸಂಕಟ ನೋಡಲಾರದೆ ನಾನೂ ಅತ್ತುಬಿಟ್ಟೆ.

ಪುಣೆಯವರಿಗೆ ಮಧ್ಯಾಹ್ನದ ನಿದ್ದೆಯೆಂದರೆ ಪೂಜೆ ತಪ್ಪಿದರೂ ಅದು ತಪ್ಪಬಾರದು. ಉಂಡ ಮೇಲೆ ಇಡೀ ಪೇಟೆ ಅಂಗಡಿ ಮುಚ್ಚಿ, ಎಡಮಗ್ಗುಲಾಗಿ ಮಲಗಿಬಿಡುತ್ತಿತ್ತು. ನಾಯಿ ಕೂಡ ಕಟ್ಟೆಯ ಕೆಳಗೆ ಸೇರುತ್ತಿತ್ತು. ಆ ಬಿಳೀ ಬಿಸಿಲಿನ ಮೌನದಲ್ಲಿ ನಮ್ಮ ಮಕ್ಕಳ ಅಳು ವಾಡೆಯ ಗೋಡೆ ಹತ್ತಿ ಮಾಲಕರ ಮಂಚದವರೆಗೆ ಹೋಗುತ್ತಿತ್ತು. ಕಿಟಕಿ ಮುಚ್ಚಿಕೊಳ್ಳುವುದು ಕಾಣುತ್ತಿತ್ತು, ಸೆಕೆ ತಾಳದೆ ಮತ್ತೆ ತೆರೆದುಕೊಳ್ಳುವುದೂ ಕಾಣುತ್ತಿತ್ತು. ನೆರೆಯವರು ಬಂದು ಜಗಳ ತೆಗೆದರು, ನಮ್ಮೊಡನೆಯಲ್ಲ, ಮಾಲಕರೊಡನೆ. ಈಗಲೂ ಆ ದೃಶ್ಯ ನನಗೆ ಕನಸಿನ ಹಾಗೆ ಬರುತ್ತದೆ: ಊರೆಲ್ಲ ಮಲಗಿದೆ, ನಮ್ಮ ಮಕ್ಕಳು ಮಾತ್ರ ಎದ್ದಿವೆ.

ಒಂದು ಮಧ್ಯಾಹ್ನ ಮುಕಾದಮ ಡಬ್ಬಿ ಹಿಡಿದು ಕೆಳಗೆ ಬಂದ. ಸೋಲಾಪುರದವನು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದ.

"ಅಕ್ಕಾರ, ಮಾಲಕರು ಕಳಿಸ್ಯಾರ. ಕೊಡ್ರಿ ಮಕ್ಕಳಿಗೆ. ಪಾಪ, ಭಾಳ ಒದ್ದಾಡ್ತಾವ."

ಅವನ ದನಿಯಲ್ಲಿ ಕನಿಕರವಿತ್ತು. ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು.

"ನಮ್ಮ ಮಕ್ಕಳಿಗೆ ನಿದ್ದಿ ಸಾಕಾಗೇದ್ರಿ. ನಿದ್ದಿ ಇಲ್ಲದವರು ಮ್ಯಾಲ ಇದ್ದಾರ. ಅವರಿಗೇ ಕೊಡ್ರಿ."

ಪಕ್ಕದವಳು ಅದನ್ನು ಮರಾಠಿಗೆ ತಿರುಗಿಸಿದಳು. ನಗು ಸಾಲಿನ ಆ ತುದಿಯವರೆಗೆ ಹೋಯಿತು. ಮುಕಾದಮ ಡಬ್ಬಿ ತೆರೆಯದೆ ಮೆಟ್ಟಿಲು ಹತ್ತಿದ. ನಾನು ಸೆರಗಿನ ಗಂಟು ಬಿಚ್ಚಿ ಗುಳಿಗೆಯನ್ನು ಗಟಾರಕ್ಕೆ ಎಸೆದೆ.

ಮಾಲಕರು ಸೋತದ್ದು ನಮ್ಮ ನ್ಯಾಯಕ್ಕೋ ತಮ್ಮ ನಿದ್ದೆಗೋ, ಕೇಳಲು ಹೋಗಲಿಲ್ಲ. ಹಿಂದಿನ ಅಂಗಳದ ಗೋದಾಮು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ತೊಲೆಗೆ ಜೋಳಿಗೆ ಕಟ್ಟಲು ಬಿಟ್ಟರು. ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂಬ ಮಾತು ಬಂದಾಗ, ಯಾರೂ ಕರೆಯದೆ ಅತ್ತೆ ಬಂದು ಹೊಸ್ತಿಲಲ್ಲಿ ಕೂತಳು. "ನಾ ನೋಡ್ತೀನಿ" ಎಂದಳು, ಅಷ್ಟೇ. ಮುಷ್ಕರದ ದಿನಗಳಲ್ಲಿ ನಮ್ಮತ್ತ ಸುಳಿಯದವಳು.

ನಾನು ಮತ್ತೆ ಮೊರದ ಮುಂದೆ ಕೂತೆ. ಬೀಡಿ ಸುತ್ತುತ್ತಿದ್ದರೆ ಗೋಡೆಯಾಚೆಯಿಂದ ಅಳು ತೇಲಿ ಬರುತ್ತಿತ್ತು, ಅಷ್ಟರಲ್ಲೂ ನನ್ನ ಮಗಳದು ಯಾವುದೆಂದು ನನಗೆ ತಿಳಿಯುತ್ತಿತ್ತು. ದಿನ ಕಳೆದಂತೆ ಅವಳ ಕತ್ತು ನಿಂತಿತು. ಒಂದು ದಿನ ನನ್ನನ್ನೇ ನೋಡಿ, ಕೈ ಚಾಚಿ ಮೂಗುತಿ ಹಿಡಿದೆಳೆದಳು. ಕಣ್ಣಲ್ಲಿ ನೀರು ಬಂತು. ಮೂಗುತಿಯ ನೋವಿಗೆ ಎಂದು ಎಲ್ಲರಿಗೂ ಹೇಳಿದೆ.

ಅತ್ತೆಯ ಮೇಲೆ ಮಾತ್ರ ತಾಯಂದಿರ ದೂರು ನಿಲ್ಲಲಿಲ್ಲ. ಯಾವ ಕೂಸು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೂ ಮುದುಕಿ ಅಂಗಾಲು ಚಿವುಟಿ ಎಬ್ಬಿಸುತ್ತಾಳೆ! ನಾನೇ ಹೋಗಿ ಜಗಳಕ್ಕೆ ನಿಂತೆ.

"ಯಾಕತ್ತೀ, ಸುಮ್ನ ಮಲಗಿದ ಮಕ್ಕಳನ್ನ ಯಾಕ ಗೋಳಾಡಸ್ತೀರಿ?"

ಅತ್ತೆ ನನ್ನ ಕಡೆ ನೋಡಲಿಲ್ಲ. ಜೋಳಿಗೆ ತೂಗುತ್ತಲೇ ಹೇಳಿದಳು.

"ನನ್ನ ಮೊದಲನೇದು ಹೆಣ್ಣಿತ್ತು. ನಿನ್ನ ಗಂಡಗೂ ಗೊತ್ತಿಲ್ಲ. ಹಿಂಗ ಮಲಗಿತ್ತು, ಇದ ವಾಡೇದಾಗ. ಛಲೋ ಮಲಗೇದ, ಕಟ್ಟು ಮುಗಿಸಿ ಎತಗೊಂಡರಾತು ಅಂತ ಬೀಡಿ ಕಟ್ಟಕೋತ ಕೂತೆ. ಎತಗೊಂಡಾಗ ಮೈ ತಣ್ಣಗಾಗಿತ್ತು."

ಆಕೆ ಎದ್ದು ಮುಂದಿನ ಜೋಳಿಗೆಯೊಳಗೆ ಕೈ ಹಾಕಿದಳು. ಒಳಗಿನಿಂದ ಕಿಟಾರನೆ ಅಳು ಬಂತು.

"ಅಳು ನನ್ನವ್ವಾ, ಅಳು" ಎಂದಳು ಅತ್ತೆ.