ಬರಗೇರಮ್ಮನ ಹಾರ್ಟು

ಹೊಸದುರ್ಗದಾಚೆಯ ನಮ್ಮ ಕುರಿಗಾರರ ಹಟ್ಟಿಯಲ್ಲಿ ಯಾರಿಗೂ ಆರೋಗ್ಯ ವಿಮೆಯಿಲ್ಲ, ಕುರಿ ಕಾಯುವ ಬರಗೇರಮ್ಮ ಸಾಕುವ ಕುರಿಗಳಿವೆ. ಪ್ರತಿ ಮನೆಯೂ ವರ್ಷಕ್ಕೊಂದು ಮರಿಯನ್ನು, ತನ್ನ ಗುರುತಿಗಾಗಿ ಕಿವಿ ಕತ್ತರಿಸದೆ, ಅವಳಿಗೆ ಒಪ್ಪಿಸುತ್ತದೆ. ಕಿವಿ ಪೂರ್ತಿಯಿರುವ ಕುರಿ ಇಡೀ ಹಟ್ಟಿಯದು, ಕಾಯಿಲೆ ಬಿದ್ದವರಿಗಾಗಿ ಮಾರುವಂಥದ್ದು. ಯಾವ ಕುರಿ ಯಾವ ಆಸ್ಪತ್ರೆ ಖರ್ಚಿಗೋ ಅದಕ್ಕೆ ಅವಳಿಟ್ಟ ಹೆಸರೂ ಅದೇ. "ಲೇ ಅಪೆಂಡಿಕ್ಸ್, ಶೇಂಗಾ ಹೊಲಕ್ಕೆ ನುಗ್ಗಬ್ಯಾಡ! ಸಿಜೇರಿಯನ್ ಎಲ್ಲಿಗೋತು ನೋಡ್ರಿ!" ಎಂದು ಕೂಗಿದರೆ ದಾರಿಹೋಕರು ಬೆರಗಾಗಿ ನಿಲ್ಲುತ್ತಾರೆ. ಎಲ್ಲಕ್ಕಿಂತ ದಪ್ಪನೆಯ ಟಗರು ಹಾರ್ಟು. ಅದಕ್ಕೆ ಹುರುಳಿ ತಿನ್ನಿಸುವುದು ಅವಳ ಕೈಯೇ ಆಗಬೇಕು. ಪ್ರತಿ ಬಕ್ರೀದಿಗೂ ವ್ಯಾಪಾರಿ ದಾವೂದ್ ಸಾಬರು ಬಂದು, "ಈ ಸಲನಾದ್ರೂ ಹಾರ್ಟು ಕೊಡಕ್ಕ" ಎನ್ನುತ್ತಾರೆ. "ನನ್ ಹಾರ್ಟು ನಿಂಗ್ಯಾಕಪ್ಪ ಸಾಬಣ್ಣ? ನಿನ್ ಹೆಂಡ್ತಿ ಬೈತಾಳೆ" ಎಂದು ನಗಿಸಿ ಕಳಿಸುತ್ತಾಳೆ. ಎದೆನೋವು ಬಂದ ಅವಳ ಗಂಡ, ಕಟ್ಟಲು ಮುಂಗಡವಿಲ್ಲದೆ ಆಸ್ಪತ್ರೆಯ ಬಾಗಿಲಲ್ಲೇ ತೀರಿಹೋದದ್ದು ಎಲ್ಲರಿಗೂ ಗೊತ್ತು. ಅವಳು ಮಾತ್ರ ಆ ಮಾತೆತ್ತುವುದಿಲ್ಲ. ಈ ಶ್ರಾವಣದಲ್ಲಿ ಪಕ್ಕದ ಮನೆಯ ಶಿವರಾಜ್ ಎದೆ ಹಿಡಿದುಕೊಂಡು ಕುಸಿದಾಗ ಅವಳೇ ದಾವೂದರಿಗೆ ಫೋನು ಮಾಡಿದಳು: "ಸಾಬಣ್ಣ, ಹಾರ್ಟು ಕೊಟ್ಟೀನಿ. ಅದರ ಹಿಂದೇನೇ ಅಪೆಂಡಿಕ್ಸೂ, ಸಿಜೇರಿಯನ್ನೂ, ಇನ್ನೂ ಎಷ್ಟು ಬೇಕೋ ಅಷ್ಟು ಬರ್ತವೆ. ದುಡ್ಡು ಈಗ್ಲೇ ಆಸ್ಪತ್ರೆಗೆ ಮುಟ್ಟಿಸು." ಮುಟ್ಟಿತು. ನಿನ್ನೆ ಶಿವರಾಜ್ ಬಸ್ಸಿಳಿದು, ಯಾರ ಹೆಗಲನ್ನೂ ಹಿಡಿಯದೆ ನಡೆದು ಬಂದ. ಹಟ್ಟಿಯಲ್ಲಿ ಡೊಳ್ಳು ಮೊಳಗಿತು. ಬರಗೇರಮ್ಮ ಅಲ್ಲಿರಲಿಲ್ಲ. ಕುರಿರೊಪ್ಪದಲ್ಲಿ ಕುಳಿತು, ಆಗಷ್ಟೇ ಎದ್ದು ನಿಲ್ಲಲು ಕಲಿತ ಟಗರುಮರಿಯೊಂದನ್ನು ಮಡಿಲಿಗೆಳೆದುಕೊಂಡು, ಮಗುವಿಗೆ ನಾಮಕರಣ ಮಾಡುವಂತೆ ಅದರ ಪೂರ್ತಿ ಕಿವಿಯಲ್ಲಿ ಉಸುರುತ್ತಿದ್ದಳು: "ಹಾರ್ಟು. ಹಾರ್ಟು. ಹಾರ್ಟು."