ಶ್ರಾವಣದ ಪ್ಲಾಸ್ಟಿಕ್ ವ್ರತ

ಶ್ರಾವಣ ಪೂರ್ತಿ ಪ್ಲಾಸ್ಟಿಕ್ ಚೀಲ ಮುಟ್ಟುವುದಿಲ್ಲ ಎಂದು ಶಿವನ ಮುಂದೆ ಕೈಮುಗಿದು ವ್ರತ ಹಿಡಿದಿದ್ದೆ. ಕೆಲಸದ ಮೇಲೆ ಕಮಲಾಪುರಕ್ಕೆ ಹೋದವನು, ಕಲಬುರಗಿಗೆ ಮರಳುವ ಮುನ್ನ ಸೋಮವಾರದ ಪೂಜೆಗೆಂದು ಅಲ್ಲಿಯ ಕೆಂಪು ಬಾಳೆಹಣ್ಣು ಕೊಂಡೆ. ಬಟ್ಟೆಚೀಲ ಮನೆಯಲ್ಲೇ ಮರೆತಿದ್ದೆ. ಹಣ್ಣು ಮಾರುವ ಮುದುಕಿ ಕ್ಯಾರಿಬ್ಯಾಗ್ ಬಿಡಿಸಿದಳು.

"ಬ್ಯಾಡವ್ವ, ಪ್ಲಾಸ್ಟಿಕ್ ಬಿಟ್ಟೀನಿ, ವ್ರತ ಅದ," ಎಂದು ಹೆಗಲ ಮೇಲಿನ ಶಲ್ಯ ಹಾಸಿದೆ.

"ಭಾಳ ಛಲೋ ಆತ್ರೀ. ಎಲ್ಲೀತನಕ?"

"ಶ್ರಾವಣ ಮುಗಿಯೋತನಕ."

"ಅಂದ್ರ ಊಟದಾಗ ಉಳ್ಳಾಗಡ್ಡಿ ಬಿಟ್ಟಂಗ ಬಿಟ್ಟೀರಿ ಅನ್ರೀ!" ಮುದುಕಿ ನಕ್ಕಳು. "ಮುಗಿದ ಮರುದಿನ ಬರ್ರಿ, ಎರಡು ಚೀಲ ಕೊಡ್ತೀನಿ. ಪಾಪ, ಹಸದಿರ್ತೀರಿ."

ಶ್ರಾವಣ ಮುಗಿದರೂ ನಾನು ಬಟ್ಟೆಚೀಲ ಬಿಟ್ಟಿಲ್ಲ. ಎಲ್ಲ ಶಿವನ ಕೃಪೆ ಎಂದೇ ಹೇಳುತ್ತೇನೆ. ಅದರಲ್ಲಿ ಆ ಮುದುಕಿಯ ಭಯ ಎಷ್ಟು ಎಂಬುದು ಶಿವನಿಗೆ ಮಾತ್ರ ಗೊತ್ತು.