ಎಲೆಯಡಿಕೆ ಡಬ್ಬಿಯ ಅರಸುಮಗ

ನಮ್ಮ ಮನೆಯ ಎಲೆಯಡಿಕೆ ಡಬ್ಬಿ ಬರ್ಮಾದ್ದು. ಬಿದಿರು ಹೆಣೆದು ಅರಗು ಬಳಿದ ಅದರ ಕೆಂಪು ಮುಚ್ಚಳದ ಮೇಲೆ ಒಬ್ಬ ರಾಜ ಕುಳಿತಿದ್ದಾನೆ, ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದಾನೆ. ನೀವು ಮನೆಗೆ ಬಂದರೆ ಎಲೆ ಕೊಡುವ ಮೊದಲು ಇವರಿಬ್ಬರ ಪರಿಚಯ ಮಾಡಿಸುತ್ತೇನೆ, ಬೇಸರಿಸಬೇಡಿ.

ಅದನ್ನು ತಂದವರು ನನ್ನ ದೊಡ್ಡಪ್ಪ. ಯುದ್ಧಕ್ಕೆಂದು ಬರ್ಮಾಕ್ಕೆ ಹೋದವರು ಅಲ್ಲೇ ಮರದ ಡಿಪೋವೊಂದರಲ್ಲಿ ಉಳಿದು, ಕಾಗದವಿಲ್ಲ ಸುದ್ದಿಯಿಲ್ಲ, ಸ್ವಾತಂತ್ರ್ಯ ಬಂದು ಕೊಡಗು ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಸುಂಟಿಕೊಪ್ಪದಲ್ಲಿ ಬಸ್ಸಿಳಿದು ನಡೆದು ಬಂದರು. ಅಷ್ಟರಲ್ಲಿ ನಾವು, ಹಿರಿಯರಿಗೆ ಎಡೆ ಇಡುವಾಗ ಅವರಿಗೂ ಒಂದು ಎಲೆ ಹಾಕತೊಡಗಿದ್ದೆವು! ವಿಷಯ ತಿಳಿದಾಗ ಅವರು ಕೇಳಿದ್ದು ಒಂದೇ: “ನಂಗಿಟ್ಟ ಎಡೇಲಿ ಹಂದಿಸಾರು ಇತ್ತೇನ್ರೋ, ಇಲ್ಲ ಬರೀ ಅನ್ನಾನಾ?”

ಎಲ್ಲರೂ ನಕ್ಕರು, ಅಪ್ಪನ ಹೊರತು. ಅಣ್ಣ ಇಲ್ಲವೆಂದೇ ಅಪ್ಪ ಮನೆಯ ಯಜಮಾನರಾಗಿದ್ದದ್ದು. ಬದು ಕಟ್ಟಿ, ಕಾಡುಹಂದಿ ಕಾದು, ಗದ್ದೆ ಉಳಿಸಿದ್ದರು. ಈಗ ಯಜಮಾನಿಕೆ ಕೊಟ್ಟರೆ ತಮ್ಮ ಕೈ ಬರಿದು, ಇಟ್ಟುಕೊಂಡರೆ ಅಣ್ಣ ದೂರ. ಪಾಪ, ಊಟವೇ ಸೇರುತ್ತಿರಲಿಲ್ಲ ಅವರಿಗೆ.

ದೊಡ್ಡಪ್ಪನಿಗೋ ಸಂಜೆಯಾದರೆ ಜಗಲಿಯಲ್ಲಿ ಆ ಮುಚ್ಚಳದ ಕಥೆ. ಬಹಳ ಹಿಂದೆ ಬರ್ಮಾದ ಅರಸುಮಗನೊಬ್ಬ ದೂರದ ಸೀಮೆಯನ್ನು ಆಳಿಕೊಂಡಿದ್ದಾಗ ತಂದೆ ತೀರಿಕೊಂಡನಂತೆ, ತಮ್ಮ ಪಟ್ಟವೇರಿದನಂತೆ, ಸುದ್ದಿ ಕೇಳಿ ಇವನು ಆನೆಯೇರಿ ರಾಜಧಾನಿಗೆ ಹೊರಟನಂತೆ. ಅಷ್ಟು ಹೇಳಿ ಎಲೆ ಮಡಚಿ ಬಾಯಿಗಿಡುತ್ತಿದ್ದರು.

“ಆಮೇಲೆ, ದೊಡ್ಡಪ್ಪಾ?”

“ಹುತ್ತರಿ ಬರ್ಲಿ ತಡಿ ಮಗಾ, ಹೇಳ್ತೀನಿ.”

ಒಳಗೆ ಅಪ್ಪ ಕೆಮ್ಮುವುದು ಕೇಳಿಸುತ್ತಿತ್ತು.

ಹುತ್ತರಿ ಬಂತು. ಹೊಸ ಭತ್ತದ ಮೊದಲ ಕದಿರನ್ನು ನಮ್ಮಲ್ಲಿ ಯಜಮಾನನೇ ಕೊಯ್ಯಬೇಕು. ಆ ಸಂಜೆ ಗದ್ದೆಯಂಚಿನಲ್ಲಿ, ನೆಂಟರಿಷ್ಟರ ಎದುರು, ಅಪ್ಪ ಕುಡುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. “ತಗೋ ಅಣ್ಣಯ್ಯ, ಇದು ನಿಂದು.”

ದೊಡ್ಡಪ್ಪ ಅದನ್ನು ಕಣ್ಣಿಗೊತ್ತಿಕೊಂಡು ತಮ್ಮನ ಕೈಗೇ ಮರಳಿಸಿದರು. “ನೀನ್ ಕುಯ್ಯೋ. ಕಟ್ಟೋಕೆ ನಾನಿದೀನಿ.”

ಕದಿರು ಕೊಯ್ದವರೂ ಅತ್ತರು, ಅದಕ್ಕೆ ಎಲೆ ಸುತ್ತಿ ಕಟ್ಟಿದವರೂ ಅತ್ತರು. ಬೆಳೆ ಹೆಚ್ಚಲಿ ಎಂದು ಬೇಡುವ ಪೊಲಿ ಪೊಲಿ ದೇವಾ ಎಂಬ ಕೂಗಿನ ನಡುವೆ ನಾನು ದೊಡ್ಡಪ್ಪನ ಅಂಗಿ ಜಗ್ಗಿದೆ, ಕಥೆ ಬಾಕಿಯಿತ್ತಲ್ಲ.

“ಆಮೇಲೇನು ಮಗಾ? ತಮ್ಮಂಗೆ ಮಂತ್ರಿಯಾಗಿ ನಿಂತ. ಈಗ ನೋಡ್ಲಿಲ್ವಾ ನೀನು?”

ಪಟ್ಟ ಬಿಟ್ಟು ಕಾಡಿಗೆ ಹೋದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಬಿಟ್ಟುಕೊಟ್ಟು, ಮುನಿಸಿಲ್ಲದೆ, ದಿನಬೆಳಗಾದರೆ ಪಕ್ಕದಲ್ಲೇ ನಿಲ್ಲುವುದು ಇನ್ನೂ ಕಷ್ಟವಿರಬೇಕು ಎಂದು ನನಗೀಗ ಅನ್ನಿಸುತ್ತದೆ. ಆ ಅರಸುಮಗ ನಿಜಕ್ಕೂ ಹಾಗೆ ನಿಂತನೋ, ದೊಡ್ಡಪ್ಪನೇ ಅವನನ್ನು ನಿಲ್ಲಿಸಿದರೋ, ನಾನು ವಿಚಾರಿಸಲು ಹೋಗಿಲ್ಲ.

ಡಬ್ಬಿ ಈಗ ನನ್ನ ಬಳಿ ಇದೆ. ಮುಚ್ಚಳದ ಮೇಲೆ ರಾಜನ ಬಣ್ಣ ಮಾಸಿಲ್ಲ. ಪಕ್ಕದವನಿಗೆ ಮಾತ್ರ ಮುಖವೇ ಉಳಿದಿಲ್ಲ. ತೆಗೆಯುವಾಗ ದೊಡ್ಡಪ್ಪ ಹೆಬ್ಬೆರಳು ಊರುತ್ತಿದ್ದದ್ದು ಅಲ್ಲೇ. ನಾನೂ ಅಲ್ಲೇ ಊರುತ್ತೇನೆ.